ಐದನೆಯದು ದೈವ

ಮಹಾಶಿವರಾತ್ರಿಯಿಂದ ಮೊದಲಾಗುವ ಜಾತ್ರೆಯ ದಿನಗಳಲ್ಲಿ, ಕೃಷ್ಣರಾಜನಗರ ಸೀಮೆಯ ಕಪ್ಪಡಿಗೆ, ಮಂಟೇಸ್ವಾಮಿಯ ಪರಂಪರೆಯ ರಾಚಪ್ಪಾಜಿಯ ಸನ್ನಿಧಿಗೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯಿಂದ ಒಕ್ಕಲುಗಳು ಸಂಸಾರಸಮೇತವಾಗಿ ಹೊರಟುಬಂದು, ಕಾವೇರಿಯ ದಂಡೆಯಲ್ಲಿ ಮರದ ನೆರಳು ಸಿಕ್ಕಿದಲ್ಲಿ ಬೀಡುಬಿಟ್ಟು, ಮೂರು ಕಲ್ಲು ಹೂಡಿ ಒಲೆ ಹಚ್ಚಿ, ಅಲ್ಲಿಯೇ ಅಟ್ಟು ಅಲ್ಲಿಯೇ ಉಂಡು ಅಲ್ಲಿಯೇ ಮಲಗುವ ಪದ್ಧತಿಯನ್ನು ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಆಗ ಅವರು ಬರುತ್ತಿದ್ದುದು ಕಮಾನು ಗಾಡಿಯಲ್ಲಿ. ಬಿದಿರ ತಟ್ಟಿಯನ್ನು ಬಾಗಿಸಿ ಕಟ್ಟಿದ ಚಾವಣಿಯ ಕೆಳಗೆ ಹುಲ್ಲಿನ ಮೆತ್ತೆ, ಮೆತ್ತೆಯ ಮೇಲೆ ಜಮಖಾನ, ಒಂದು ಮೂಲೆಯಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ಮಸಿ ಹಿಡಿದ ಪಾತ್ರೆಗಳು, ಹಿಂದುಗಡೆ ಬಿಗಿದ ಸೌದೆಯ ಹೊರೆ, ಹೀಗೆ ಮನೆಯೆಂಬ ಮನೆಯೇ ಚಕ್ರದ ಮೇಲೆ ಕುಳಿತು ಎತ್ತಿನ ಹೆಜ್ಜೆಗೆ ಹೆಜ್ಜೆಯಾಗಿ ನಡೆದುಬರುತ್ತಿತ್ತು. ಆ ಮನೆಯಲ್ಲಿ ಎಲ್ಲವೂ ಇದ್ದವು; ಒಲೆಯ ಬೆಂಕಿಯೊಂದು ಮಾತ್ರ ಇರಲಿಲ್ಲ. ಬೆಂಕಿಯೆಂಬುದು ಗಾಡಿ ನಿಂತ ಮೇಲೆ ನೆಲದಲ್ಲಿ ಹುಟ್ಟತಕ್ಕ ವಸ್ತುವಾಗಿತ್ತು. ಗಾಡಿ ಹೂಡುವ ಮುನ್ನ ನೀರೆರಚಿ ಮಣ್ಣು ಮುಚ್ಚಿ ಅಲ್ಲಿಯೇ ಬಿಟ್ಟುಹೋಗತಕ್ಕ ವಸ್ತುವಾಗಿತ್ತು.

ಈಗ ಕಮಾನು ಗಾಡಿಗಳ ಕಾಲ ಮುಗಿದಿದೆ. ಟೆಂಪೊ ಟ್ರಾವೆಲರುಗಳೂ ಮಿನಿ ಬಸ್ಸುಗಳೂ ಬಂದಿವೆ. ಅವುಗಳ ಹಿಂಬದಿಯ ಸೀಟಿನಡಿಯಲ್ಲಿ, ಅಕ್ಕಿಮೂಟೆಗೂ ತರಕಾರಿಯ ಬುಟ್ಟಿಗೂ ನಡುವೆ, ಅಡುಗೆಯ ಗ್ಯಾಸ್ ಸಿಲಿಂಡರೊಂದು ಕುಳಿತಿರುತ್ತದೆ. ಕಪ್ಪಡಿಗೆ ಬರುವವರ ಮಾತಷ್ಟೇ ಅಲ್ಲ. ಮಾಲೆ ಧರಿಸಿ ಶಬರಿಮಲೆಗೆ ಹೊರಟವರು, ಹುಣಸೂರು ಪಿರಿಯಾಪಟ್ಟಣಗಳ ಹೆದ್ದಾರಿಯನ್ನು ಹಿಡಿದು ತಲಕಾವೇರಿಗೋ ಧರ್ಮಸ್ಥಳಕ್ಕೋ ಹೋಗುವವರು, ಹೆಗ್ಗಡದೇವನಕೋಟೆಯ ಕಾಡನ್ನು ದಾಟಿ ವಯನಾಡಿಗೆ ಇಳಿಯುವವರು, ಎಲ್ಲರ ಪ್ರಯಾಣವೂ ಬಹುಮಟ್ಟಿಗೆ ಈ ರೀತಿಯದೇ ಆಗಿದೆ. ಪರದೇಶಗಳಲ್ಲಿ ಇಂಥ ಸಂಚಾರಕ್ಕೆಂದೇ ಕಟ್ಟಿದ ಮನೆಗಾಡಿಗಳಿವೆಯಷ್ಟೆ; ಕ್ಯಾರವಾನ್ ಎಂದು ಕರೆಯುವ ಆ ವಾಹನಗಳಲ್ಲಿ ಅಡುಗೆಯೂ ಬಿಸಿನೀರೂ ಚಳಿಗಾಲದ ಕಾವೂ ಬಹುಮಟ್ಟಿಗೆ ಪ್ರೋಪೇನ್ ಅನಿಲದಿಂದ ನಡೆಯುತ್ತವೆ. ನಮ್ಮ ಸಿಲಿಂಡರಿನಲ್ಲಿರುವುದು ಅದೇ ಪ್ರೋಪೇನ್, ಬ್ಯೂಟೇನಿನೊಡನೆ ಬೆರೆತದ್ದು. ಮನೆಗಾಡಿಯನ್ನು ಕಟ್ಟುವವನು ಆ ಅನಿಲಕ್ಕೊಂದು ಪ್ರತ್ಯೇಕವಾದ ಗೂಡನ್ನು ಕಟ್ಟಿರುತ್ತಾನೆ. ನಾವಾದರೋ ಅದನ್ನು ಮಕ್ಕಳ ಕಾಲಬುಡದಲ್ಲಿ ಇಟ್ಟುಕೊಂಡು ಹೊರಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ಕಪ್ಪಡಿಗೆ ಹೊರಟಿದ್ದೆನು. ನನ್ನ ಅಕ್ಕನ ಸಂಸಾರ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಹೊಗೆಸೊಪ್ಪಿನ ಬೇಸಾಯ ಮಾಡಿಕೊಂಡಿರುವುದು. ಮಕ್ಕಳು ಮರಿ ಸೇರಿ ಹದಿನಾಲ್ಕು ಮಂದಿ. ಬೆಳಗ್ಗೆ ಹಾದಿಯ ಬದಿಯಲ್ಲಿ ಕಾಫಿ ಕಾಸಿಕೊಂಡು, ತಡವಾಯಿತೆಂಬ ಅವಸರದಲ್ಲಿ ಒಲೆಯನ್ನೂ ಸಿಲಿಂಡರನ್ನೂ ಹಾಗೆಯೇ ಒಳಕ್ಕೆ ಸರಿಸಿ, ಹುಣಸೂರನ್ನು ದಾಟಿ ಒಂದೆರಡು ಹರದಾರಿ ಬಂದಿದ್ದೆವೋ ಇಲ್ಲವೋ, ಕಿಟಕಿಯ ಬಳಿ ತೂಕಡಿಸುತ್ತಿದ್ದ ಅಕ್ಕ ಥಟ್ಟನೆ ಎದ್ದು ಕುಳಿತು, "ಗಾಡಿ ನಿಲ್ಸಪ್ಪ" ಎಂದಳು. ವಾಹನ ನಿಂತಿತು. ಇಂಜಿನ್ನನ್ನು ಆರಿಸಿದ ಚಾಲಕನು ಮತ್ತೆ ಕೀಲಿಗೆ ಕೈ ಹಾಕದಂತೆ ಅವಳು ತಡೆದಳು. ಮಕ್ಕಳನ್ನು ಮೊದಲು ಇಳಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆಸಿ, ಸಿಲಿಂಡರನ್ನು ಹೊರಕ್ಕೆತ್ತಿಸಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದಳು. ನೋಡಿದರೆ ರೆಗ್ಯುಲೇಟರು ತೆರೆದೇ ಇದ್ದಿತು. ಒಲೆಯ ತಿರುಪೊಂದು ಯಾವುದೋ ಚೀಲದ ಒರಸಿಗೆ ಕೂದಲೆಳೆಯಷ್ಟು ತಿರುಗಿದ್ದಿತು.

ಅರ್ಧ ಗಂಟೆಯ ಕಾಲ ಗಾಳಿಯಾಡಲು ಬಿಟ್ಟು ಹಾದಿಯ ಮರದಡಿಯಲ್ಲಿ ಕುಳಿತಿದ್ದಾಗ ನಾನು ಸ್ವಲ್ಪ ಬಿರುಸಾಗಿಯೇ ಮಾತನಾಡಿದೆನೆಂದು ಕಾಣುತ್ತದೆ. ಅಕ್ಕನ ಮಗನು, ವಿಧೇಯನೂ ಭಕ್ತನೂ ಆದ ಹುಡುಗ, ತಲೆ ತಗ್ಗಿಸಿಕೊಂಡು, "ಕಾಯಾಕೆ ರಾಚಪ್ಪಾಜಿ ಇಲ್ವಾ ಮಾವ? ಜಾತ್ರೆಗೆ ಹೊಂಟೋರಿಗೆ ಏನೂ ಆಗಾಕಿಲ್ಲ" ಎಂದನು. ಅದು ತಪ್ಪನ್ನು ಮುಚ್ಚಿಕೊಳ್ಳುವುದಕ್ಕಾಗಿ ಆಡಿದ ಮಾತಲ್ಲ. ಅವನು ಅದನ್ನು ನಂಬಿದ್ದನು. ಹದಿನಾಲ್ಕು ಮಂದಿಯೂ ಉಳಿದು ಮರದಡಿಯಲ್ಲಿ ಕುಳಿತಿದ್ದುದೇ ಅವನ ನಂಬಿಕೆಗೆ ಪ್ರಮಾಣವಾಗಿದ್ದಿತು. ನನಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ಇಂದು ಬರೆಯುತ್ತಿರುವುದು ಆ ಉತ್ತರವನ್ನು.

ನಂಬಿದವನಿಗೆ ದೇವರು ಕಾವಲಾಗಿರುವನೆಂಬ ಮಾತನ್ನು ನಾನು ಹಗುರಾಗಿ ಕಾಣತಕ್ಕವನಲ್ಲ. ಪಿರಿಯಾಪಟ್ಟಣದ ಸೀಮೆಯಲ್ಲಿಯೇ ಬೆಟ್ಟದಪುರದ ಗುಡ್ಡವಿದೆ. ಅದರ ತುದಿಯಲ್ಲಿ ನೆಲಸಿರುವ ಸ್ವಾಮಿಗೆ ಸಿಡಿಲು ಮಲ್ಲಿಕಾರ್ಜುನನೆಂದು ಹೆಸರು. ಬಯಲಿನ ನಡುವೆ ಒಂಟಿಯಾಗಿ ಎದ್ದ ಆ ಶಿಖರವನ್ನು ಮುಂಗಾರಿನ ಮೋಡಗಳು ಕವಿದುಕೊಂಡಾಗ, ಕೆಳಗಿನ ಹೊಲದಲ್ಲಿ ದುಡಿಯುವ ಮನುಷ್ಯನು ತಲೆಯೆತ್ತಿ ಮೇಲೆ ನೋಡಿ ಕೈಮುಗಿಯುವುದರಲ್ಲಿ ದೊಡ್ಡ ಅರ್ಥವಿದೆ. ಸಿಡಿಲಿಗೆ ಮನುಷ್ಯನಲ್ಲಿ ಪ್ರತ್ಯುತ್ತರವಿಲ್ಲ. ಆದುದರಿಂದ ಅದನ್ನು ಹೊರಲು ದೇವರಿಗೇ ಒಪ್ಪಿಸಿದ್ದಾನೆ. ಆದರೆ ಸಿಲಿಂಡರಿನ ತಿರುಪು ಆಕಾಶದಲ್ಲಿಲ್ಲ, ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ. ದೇವರು ನಮ್ಮ ಬೆರಳಿಗೆ ಕೊಟ್ಟ ಕೆಲಸವನ್ನು ಮರಳಿ ದೇವರ ಬೆರಳಿಗೆ ಒಪ್ಪಿಸುವುದು ಶರಣಾಗತಿಯೇ ಅಥವಾ ಬೇರೆ ಏನಾದರೂ ಆಗಿದೆಯೇ ಎಂಬುದೇ ಇಲ್ಲಿಯ ಪ್ರಶ್ನೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು, ಯಾವ ಕರ್ಮವೇ ಆಗಲಿ ಸಿದ್ಧಿಸುವುದಕ್ಕೆ ಐದು ಕಾರಣಗಳುಂಟೆಂದು ಎಣಿಸುತ್ತದೆ. ಆಶ್ರಯವಾದ ಅಧಿಷ್ಠಾನ, ಮಾಡುವ ಕರ್ತೃ, ಬಗೆಬಗೆಯ ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ದೈವವನ್ನು ಮೊದಲು ಹೇಳಿ ಉಳಿದುದನ್ನು ಬಿಟ್ಟಿದ್ದರೂ ಕೇಳುವವನಾದ ಅರ್ಜುನನು ಒಪ್ಪುತ್ತಿದ್ದನು. ಹೇಳುತ್ತಿರುವವನು ಸ್ವಯಂ ದೈವವೇ ಆಗಿದ್ದನಲ್ಲವೆ? ಹಾಗಿದ್ದೂ ನಾಲ್ಕನ್ನು ಎಣಿಸಿ ಮುಗಿಸಿದ ಮೇಲೆಯೇ ತನ್ನ ಸರದಿಯನ್ನು ಇಟ್ಟುಕೊಂಡನು. ಈ ಎಣಿಕೆಯ ಕ್ರಮವನ್ನು ನಾನು ಅನೇಕ ವರ್ಷಗಳ ಕಾಲ ಓದಿಯೂ ಗಮನಿಸಿರಲಿಲ್ಲ. ಹುಣಸೂರಿನಾಚೆಯ ಆ ಮರದಡಿಯ ಅರ್ಧ ಗಂಟೆಯ ಅನಂತರವೇ ಗಮನಿಸಿದೆನು.

ಅಧಿಷ್ಠಾನವೆಂದರೆ ಶರೀರವೆಂದು ಭಾಷ್ಯಕಾರರು ಹೇಳುತ್ತಾರೆ. ನಮ್ಮ ಪ್ರಸಂಗಕ್ಕೆ ಅದನ್ನು ಸ್ವಲ್ಪ ಹಿಗ್ಗಿಸಿ, ಹದಿನಾಲ್ಕು ಶರೀರಗಳಿಗೆ ಆಶ್ರಯವಾದ ಆ ವಾಹನವೆಂದೇ ತಿಳಿಯೋಣ. ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದು; ಹೊಗೆಯಂತೆ ಮೇಲಕ್ಕೇರಿ ಹೆಂಚಿನ ಸಂದಿಯಲ್ಲಿ ಹೊರಟುಹೋಗುವ ಸ್ವಭಾವ ಅದಕ್ಕಿಲ್ಲ. ಚೆಲ್ಲಿದ ನೀರಿನಂತೆ ಕೆಳಕ್ಕೆ ಹರಿದು, ತಗ್ಗನ್ನು ಹುಡುಕಿ, ಸೀಟುಗಳ ಅಡಿಯಲ್ಲಿ ತಂಗಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯನ್ನು ತೆರೆದುದರಿಂದ ಮಾತ್ರ ಅದು ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ದಾರಿಯಿರಬೇಕು. ಸಿಲಿಂಡರಿನೊಳಗೆ ದ್ರವವಾಗಿ ಮಲಗಿರುವ ಒಂದು ಲೀಟರು ಹೊರಬಂದು ಅನಿಲವಾದಾಗ ಸುಮಾರು 250 ಲೀಟರಾಗುತ್ತದೆ. ಗಾಳಿಯೊಡನೆ ನೂರಕ್ಕೆ ಎರಡರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಒಂದು ವಾಹನದ ಒಳಗಣ ಅವಕಾಶವನ್ನು 13 ಘನಮೀಟರೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, 14.2 ಕಿಲೋ ತುಂಬಿದ ಮನೆಬಳಕೆಯ ಸಿಲಿಂಡರಿನಿಂದ ಹೆಚ್ಚುಕಡಿಮೆ ಅರ್ಧ ಕಿಲೋ ಸೋರುವಷ್ಟರಲ್ಲಿ ಆ ಇಡೀ ಅವಕಾಶವೇ ಮದ್ದಿನ ಕೋಣೆಯಾಗುತ್ತದೆ. ನೆಲದ ಹತ್ತಿರವಾದರೋ ಅದಕ್ಕಿಂತ ಎಷ್ಟೋ ಮೊದಲೇ ಆಗಿರುತ್ತದೆ.

ಕರ್ತೃವೆಂದರೆ ನಾವೇ. ಕರಣಗಳೆಂದರೆ ಸಾಧನಗಳು. ರಬ್ಬರಿನ ಪೈಪಿಗೆ ಐದು ವರ್ಷಗಳ ಆಯುಷ್ಯವೆಂದು ತಯಾರಿಸಿದವರೇ ಹೇಳುತ್ತಾರೆ. ಬಿಸಿಲಿನಲ್ಲಿಯೂ ಕುಲುಕಾಟದಲ್ಲಿಯೂ ಬಾಳುವ ಪೈಪಿಗೆ ಅಷ್ಟೂ ಇರಲಾರದು. ಸಿಲಿಂಡರಿನ ಕೊರಳ ಪಟ್ಟಿಯೊಳಗೆ ಒಂದು ಇಂಗ್ಲಿಷ್ ಅಕ್ಷರವನ್ನೂ ಎರಡು ಅಂಕಿಗಳನ್ನೂ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚಿಯವರೆಗಿನ ಮೂರು ತಿಂಗಳು, ಬಿ ಎಂದರೆ ಅದರ ಮುಂದಿನ ಮೂರು, ಹೀಗೆ ಡಿ ತನಕ. ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಅದು ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಕಾಲ. ಜಾತಕವನ್ನು ಶ್ರದ್ಧೆಯಿಂದ ನೋಡಿಸುವ ನಮ್ಮ ಜನ ಈ ಮೂರಕ್ಷರದ ಜಾತಕವನ್ನು ನೋಡುವುದಿಲ್ಲವೆಂಬುದು ನನಗೆ ನಿಜವಾಗಿಯೂ ಸಂಕಟವನ್ನುಂಟುಮಾಡುತ್ತದೆ.

ಇನ್ನು ಚೇಷ್ಟೆಗಳು. ಸಿಲಿಂಡರನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸುವುದು, ಏಕೆಂದರೆ ಮಲಗಿದಾಗ ಅನಿಲಕ್ಕೆ ಬದಲಾಗಿ ದ್ರವವೇ ಬಾಯಿಗೆ ಬಂದು ನಿಲ್ಲುವುದು. ಪ್ರಯಾಣದ ಕಾಲದಲ್ಲಿ ರೆಗ್ಯುಲೇಟರನ್ನು ಕಳಚಿ ಬಾಯಿಗೆ ಮುಚ್ಚಳವನ್ನು ಬಿಗಿಯುವುದು. ವಾಹನದ ಒಳಗೆ ಒಲೆ ಹಚ್ಚದಿರುವುದು. ಸೋರಿಕೆಯ ಶಂಕೆ ಬಂದರೆ ಕಡ್ಡಿ ಗೀರಿ ನೋಡದೆ ಸಾಬೂನಿನ ನೀರನ್ನು ಸವರಿ ಗುಳ್ಳೆ ಏಳುವುದೋ ಎಂದು ಕಾಯುವುದು. ಇವೆಲ್ಲ ಸಣ್ಣ ಚೇಷ್ಟೆಗಳು. ಒಂದೊಂದಕ್ಕೂ ಒಂದು ಮಂತ್ರವನ್ನು ಹೇಳುವಷ್ಟು ಹೊತ್ತು ಹಿಡಿಯುವುದಿಲ್ಲ.

ಐದನೆಯದಾದ ದೈವವನ್ನು ಕುರಿತು ಆಚಾರ್ಯರುಗಳಲ್ಲಿ ಭೇದವಿದೆ. ಇಂದ್ರಿಯಗಳಿಗೆ ಅನುಗ್ರಾಹಕರಾದ ಆದಿತ್ಯಾದಿ ದೇವತೆಗಳೆಂದು ಶಂಕರರು ಅರ್ಥ ಮಾಡಿದರು. ಅಂತರ್ಯಾಮಿಯಾದ ಪರಮಾತ್ಮನೇ ಎಂದು ರಾಮಾನುಜರು ಅರ್ಥ ಮಾಡಿದರು. ರಾಮಾನುಜರ ಶ್ರೀಪಾದತೀರ್ಥವಿದೆಯೆಂದು ಭಕ್ತರು ನಂಬುವ ಸಾಲಿಗ್ರಾಮ ಕಪ್ಪಡಿಯ ಸೀಮೆಯಲ್ಲಿಯೇ ಇರುವುದರಿಂದಲೋ ಏನೋ, ನನ್ನ ಮನಸ್ಸು ಅವರ ವಿವರಣೆಯ ಕಡೆಗೆ ಹೆಚ್ಚಾಗಿ ವಾಲಿತು. ಎಲ್ಲವನ್ನೂ ನಡೆಸುವವನು ಅಂತರ್ಯಾಮಿಯೇ ಎಂದಾದರೆ ವಿಧಿನಿಷೇಧಗಳಿಗೆ ಅರ್ಥವೇನು ಎಂಬ ಆಕ್ಷೇಪವನ್ನು ಅವರು ತಾವೇ ಎತ್ತಿಕೊಂಡು ಸಮಾಧಾನ ಹೇಳುತ್ತಾರೆ. ಜೀವನಿಗೆ ಕರಣಗಳನ್ನೂ ಶಕ್ತಿಯನ್ನೂ ಕೊಟ್ಟವನು ಭಗವಂತನೇ ಹೌದು. ಆದರೆ ಅವನ್ನು ಹಿಡಿದು ಮೊದಲ ಪ್ರಯತ್ನವನ್ನು ಮಾಡುವವನು ಜೀವನು. ಆ ಪ್ರಯತ್ನವನ್ನು ನೋಡಿ ಭಗವಂತನು ಅನುಮತಿಯನ್ನಿತ್ತು ಅದನ್ನು ನಡೆಯಗೊಡುತ್ತಾನೆ. ಅನುಮತಿಯೆಂಬ ಈ ಒಂದು ಪದ ನನ್ನನ್ನು ಬಹುಕಾಲ ನಿಲ್ಲಿಸಿಬಿಟ್ಟಿತು. ತಿರುಪನ್ನು ಮುಚ್ಚುವ ಕೈಗೆ ಅವನ ಅನುಮತಿ ದೊರೆಯುವುದಾದರೆ, ತೆರೆದೇ ಬಿಟ್ಟು ಬರುವ ಕೈಗೂ ದೊರೆಯುತ್ತದೆ. ಅವನು ತಡೆಯಲಿಲ್ಲವೆಂಬುದು ಅವನು ಮೆಚ್ಚಿದನೆಂಬುದಕ್ಕೆ ಸಾಕ್ಷಿಯಾಗಲಾರದು. ಅಕ್ಕನ ಮಗನು ರಾಚಪ್ಪಾಜಿಯ ಕಾವಲನ್ನು ಸಿಲಿಂಡರಿನ ಬಾಯಿಯ ಬಳಿ ಹುಡುಕಿದನು. ಆ ಕಾವಲು ಅವನ ಸ್ವಂತ ಬೆರಳಿನ ತುದಿಯಲ್ಲಿ ಅನುಮತಿಯ ರೂಪದಲ್ಲಿ ಕಾದುಕೊಂಡಿದ್ದಿತು.

ಆ ಹುಡುಗನ ಮನೆತನದವರು ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ಬಾಯಿಂದ ತಲೆಮಾರುಗಳಿಂದ ಕೇಳುತ್ತ ಬಂದಿರುವ ಕಥೆಯಲ್ಲಿಯೂ ಸಂಗತಿ ಹೀಗೆಯೇ ಇದೆಯಷ್ಟೆ. ಸಿದ್ಧಪ್ಪಾಜಿಯನ್ನು ಗುರುವು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷಕ್ಕೆ ಕಳುಹಿದಾಗ, ಮಂಟೇಸ್ವಾಮಿಯಂಥ ಸಮರ್ಥನಿಗೆ ಕುಳಿತಲ್ಲಿಗೇ ಕಬ್ಬಿಣವನ್ನು ತರಿಸಿಕೊಳ್ಳುವುದು ಅಸಾಧ್ಯವಾಗಿದ್ದಿತೆ? ಗುರುವಿನ ಕೃಪೆ ಜೊತೆಗಿದ್ದಿತು; ಆದರೂ ನಡೆದು ಹೋಗಬೇಕಾದ ಕಾಲುಗಳೂ, ಅಲ್ಲಿ ಒಡ್ಡಿದ ಪರೀಕ್ಷೆಗಳನ್ನು ತಾಳಿಕೊಳ್ಳಬೇಕಾದ ಮೈಯೂ ಶಿಷ್ಯನವೇ ಆಗಿದ್ದವು.

ಈ ವಿಷಯದಲ್ಲಿ ಇನ್ನೊಂದು ಪ್ರಯಾಣ ನೆನಪಿಗೆ ಬರುತ್ತದೆ. ಪಾಂಡವರು ವಾರಣಾವತಕ್ಕೆ ಹೋದದ್ದು ಜಾತ್ರೆಗೆ. ಪಶುಪತಿಯ ಉತ್ಸವವನ್ನು ನೋಡುವುದಕ್ಕೆ. ಅಲ್ಲಿ ಅವರ ಬಿಡಾರಕ್ಕೆಂದು ಕಟ್ಟಿಸಿದ್ದುದು ಅರಗಿನ ಮನೆ. ಹೊಸ್ತಿಲು ದಾಟುತ್ತಲೇ ಧರ್ಮರಾಯನ ಮೂಗಿಗೆ ತುಪ್ಪ, ಅರಗು, ವಸೆಗಳು ಬೆರೆತ ವಾಸನೆ ಹತ್ತಿತು. ಇದು ಉರಿಯುವುದಕ್ಕೆಂದೇ ಕಟ್ಟಿದ ಮನೆಯೆಂದು ಅವನು ಭೀಮನಿಗೆ ತಿಳಿಸಿದನು. ಅವರ ಪಕ್ಷದಲ್ಲಿ ಧರ್ಮವಿದ್ದಿತು. ಹಾಗೆಂದು ಅವರು ನಿಶ್ಚಿಂತರಾಗಿ ನಿದ್ರಿಸಲಿಲ್ಲ. ವಿದುರನು ಕಳುಹಿದ ಕೆಲಸಗಾರನಿಂದ ನೆಲದಡಿಯಲ್ಲಿ ಸುರಂಗವನ್ನು ತೋಡಿಸಿದರು. ಧರ್ಮರಾಯನೆಂದು ಹೆಸರಾದವನು ಮೊದಲು ಮೂಗನ್ನೂ ಆಮೇಲೆ ಹೊರದಾರಿಯನ್ನೂ ನಂಬಿದನೆಂಬುದು ಭಾರತವನ್ನು ಕೇಳುವಾಗ ನಾವು ಮರೆಯುವ ಸಂಗತಿ.

ಅಡುಗೆಯ ಅನಿಲಕ್ಕೆ ಸ್ವಭಾವತಃ ಹೇಳಿಕೊಳ್ಳತಕ್ಕ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಮನುಷ್ಯನೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾನೆ. ಯಾರೋ ಅಜ್ಞಾತರಾದವರು ನಮ್ಮ ಮಕ್ಕಳ ಪ್ರಾಣವನ್ನು ನೆನೆದು ಆ ಸಿಲಿಂಡರಿನೊಳಗೆ ಒಂದು ಎಚ್ಚರಿಕೆಯ ಮಾತನ್ನು ತುಂಬಿ ಕಳುಹಿಸಿದ್ದಾರೆ. ಅಕ್ಕನ ನಿದ್ದೆಯನ್ನು ಎಬ್ಬಿಸಿದುದು ಆ ಮಾತೇ. ಆದರೆ ಮೂಗನ್ನು ನಂಬಿಯೇ ಇರುವಂತೆಯೂ ಇಲ್ಲ. ಮುಚ್ಚಿದ ವಾಹನದಲ್ಲಿ, ಚಳಿಯಾಗುತ್ತಿದೆಯೆಂದು ಒಲೆಯನ್ನು ಹಚ್ಚಿಟ್ಟುಕೊಂಡು ಮಲಗಿದರೆ, ಗಾಳಿ ಸಾಲದೆ ಅರೆಬರೆಯಾಗಿ ಉರಿಯುವ ಜ್ವಾಲೆಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ಮಲಗಿದವನನ್ನು ಮಲಗಿದಂತೆಯೇ ಕರೆದುಕೊಂಡು ಹೋಗುತ್ತದೆ. ಪುಷ್ಯಮಾಸದ ಇರುಳು ಕೊಡಗಿನ ಅಂಚಿನಲ್ಲಿಯೋ ಕಬಿನಿಯ ಹಿನ್ನೀರಿನ ಬಳಿಯಲ್ಲಿಯೋ ವಾಹನವನ್ನು ನಿಲ್ಲಿಸಿಕೊಂಡು ಒಳಗೆ ಮಲಗುವವರು ಇದನ್ನು ತಿಳಿದಿರಬೇಕು. ಕಂಬಳಿಯೇ ಅಲ್ಲಿ ಸರಿಯಾದ ಕಾವು.

ಪ್ರಮಾದವೆಂಬ ಪದವನ್ನು ಈಗ ನಾವು ದೊಡ್ಡ ತಪ್ಪು ಎಂಬರ್ಥದಲ್ಲಿ ಬಳಸುತ್ತೇವೆ. ಅದರ ಹಳೆಯ ಅರ್ಥ ಮೈಮರೆವು, ಅಜಾಗರೂಕತೆ. ಜೈನಾಚಾರ್ಯನಾದ ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣವನ್ನು ಹೇಳುವಾಗ, ದ್ವೇಷವನ್ನಾಗಲಿ ಕ್ರೌರ್ಯವನ್ನಾಗಲಿ ಮುಂದಿಡದೆ ಈ ಪ್ರಮಾದವನ್ನು ಮುಂದಿಟ್ಟನು. ಪ್ರಮಾದಕ್ಕೆ ಒಳಗಾದವನ ಚೇಷ್ಟೆಯಿಂದ ಪ್ರಾಣಗಳು ಅಗಲುವುದೇ ಹಿಂಸೆ ಎಂದನು. ನಾನು ಬಲ್ಲ ಮಟ್ಟಿಗೆ ಇಷ್ಟು ಕಠಿನವೂ ಇಷ್ಟು ಕರುಣಾಮಯವೂ ಆದ ಲಕ್ಷಣ ಇನ್ನೊಂದಿಲ್ಲ. ಯಾರನ್ನೂ ನೋಯಿಸಬೇಕೆಂಬ ಸಂಕಲ್ಪ ನನಗಿರಲಿಲ್ಲವೆಂದು ಹೇಳಿಕೊಂಡು ಪಾರಾಗುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಈ ಧರ್ಮ ನಮ್ಮ ಸೀಮೆಗೆ ಹೊರಗಿನದಲ್ಲ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಆದಿನಾಥನ ಬಸದಿ ಇಂದಿಗೂ ನಿಂತಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಜೈನ ಕವಿ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಕಾವ್ಯಗಳನ್ನು ರಚಿಸಿದ ಕೈಯಿಂದಲೇ ಅವನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೂ ರಚಿಸಿದನು. ರಾತ್ರಿ ಭೋಜನವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿದು, ದೀಪಕ್ಕೆ ಬೀಳುವ ಪತಂಗದ ಪ್ರಾಣಕ್ಕೂ ಲೆಕ್ಕವಿಡುವ ಮತದಲ್ಲಿ ಹುಟ್ಟಿದ ಒಬ್ಬ ಅರಸು ಅಡುಗೆಮನೆಯನ್ನು ಶಾಸ್ತ್ರಕ್ಕೆ ಯೋಗ್ಯವಾದ ಸ್ಥಳವೆಂದು ಬಗೆದುದು ನನಗೆ ಸಹಜವಾಗಿಯೇ ಕಾಣುತ್ತದೆ. ಜೀವವನ್ನು ಪೋಷಿಸುವ ಬೆಂಕಿಯೂ ಜೀವವನ್ನು ತೆಗೆಯುವ ಬೆಂಕಿಯೂ ಒಂದೇ ಒಲೆಯಲ್ಲಿರುವುದರಿಂದ, ಎಚ್ಚರವೆಂಬ ವ್ರತಕ್ಕೆ ಅದಕ್ಕಿಂತ ಹತ್ತಿರದ ಸ್ಥಳ ಗೃಹಸ್ಥನಿಗೆ ಬೇರೆಯಿಲ್ಲ.

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯ ರೈಲು ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯೊಂದು ಹೊತ್ತಿಕೊಂಡಿತು. ಉತ್ತರಪ್ರದೇಶದಿಂದ ದಕ್ಷಿಣದ ಕ್ಷೇತ್ರಗಳ ದರ್ಶನಕ್ಕೆಂದು ಬಂದಿದ್ದವರು ಅವರು. ನಿಯಮವನ್ನು ಮೀರಿ ಒಳಕ್ಕೆ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹುಟ್ಟಿತು. 9 ಮಂದಿ ಮಡಿದರು. ರೈಲಿನಲ್ಲಿ ಇಂಥ ವಸ್ತುಗಳನ್ನು ಒಯ್ಯುವುದನ್ನು 1989ರ ರೈಲ್ವೆ ಕಾಯಿದೆಯೇ ನಿಷೇಧಿಸಿದೆ. ಆ ಸುದ್ದಿಯನ್ನು ಓದಿದ ದಿನ ನನಗೆ ಅನ್ನ ರುಚಿಸಲಿಲ್ಲ. ಅವರಲ್ಲಿ ಭಕ್ತಿ ಕಡಿಮೆಯಾಗಿದ್ದಿತೆಂದು ಹೇಳುವ ಧೈರ್ಯ ಯಾರಿಗಿದೆ? ಸಾವಿರಾರು ಮೈಲಿ ದಾಟಿಬಂದ ಭಕ್ತಿ ಅದು. ಹುಣಸೂರಿನ ಆಚೆ ನಾವು ಹದಿನಾಲ್ಕು ಮಂದಿ ಉಳಿದುದು ನಮ್ಮ ಭಕ್ತಿ ಅವರದಕ್ಕಿಂತ ಹೆಚ್ಚಿನದಾಗಿದ್ದುದರಿಂದಲ್ಲ. ಹಾಗೆಂದು ಭಾವಿಸುವುದೇ ದೊಡ್ಡ ಅಪರಾಧ.

ಇಷ್ಟಾದ ಮೇಲೆಯೂ ಒಂದು ಆಕ್ಷೇಪ ಉಳಿಯುತ್ತದೆ; ಅದನ್ನು ನನ್ನ ಮುಂದೆ ಆಡಿದವರೂ ಉಂಟು. ಹೀಗೆ ಹೆಜ್ಜೆಹೆಜ್ಜೆಗೂ ಭಯಪಡುತ್ತ ಹೊರಡುವುದಾದರೆ ಯಾತ್ರೆಯ ಆನಂದವೆಲ್ಲಿ? ಬೆಂಕಿಯನ್ನು ಶತ್ರುವೆಂದು ಕಂಡು ಅದರೊಡನೆ ಬಾಳುವುದು ಹೇಗೆ? ಇದಕ್ಕೆ ಉತ್ತರವನ್ನು ನಾನು ಭಯದಿಂದ ಬಹುದೂರದಲ್ಲಿರುವ ಒಂದು ಸ್ಥಳದಲ್ಲಿ ಕಂಡೆನು. ಪೂರ್ವಕಾಲದಲ್ಲಿ ಅಗ್ನಿಹೋತ್ರವನ್ನು ಹಿಡಿದ ಗೃಹಸ್ಥನು ಮನೆಯ ಅಗ್ನಿಗಳನ್ನು ಒಂದು ದಿನವೂ ಬಿಡುವಂತಿರಲಿಲ್ಲ. ಅಂಥವನು ಹೆಂಡತಿಯೊಡನೆ ಊರುಬಿಟ್ಟು ಪ್ರಯಾಣ ಹೊರಡಬೇಕಾಗಿ ಬಂದರೆ? ಉರಿಯುವ ಬೆಂಕಿಯನ್ನು ಗಾಡಿಯಲ್ಲಿಟ್ಟುಕೊಂಡು ಹೋಗುವ ಗೊಡವೆಯನ್ನು ತಪ್ಪಿಸುವುದಕ್ಕೆ ಒಂದು ವಿಧಿಯಿದ್ದಿತು. ಅದಕ್ಕೆ ಸಮಾರೋಪಣವೆಂದು ಹೆಸರು. ಅರಣಿಯ ಎರಡು ಕಟ್ಟಿಗೆಗಳನ್ನು ಅಗ್ನಿಯ ಮೇಲೆ ಹಿಡಿದು ಕಾಸಿ, ಅಗ್ನಿಯು ಅವುಗಳೊಳಕ್ಕೆ ಏರಿ ಕುಳಿತನೆಂದು ಭಾವಿಸುವುದು; ಅಥವಾ ಅಂಗೈಗಳನ್ನು ಜ್ವಾಲೆಗೆ ಒಡ್ಡಿ ಆ ಕಾವನ್ನು ತನ್ನೊಳಕ್ಕೇ ತೆಗೆದುಕೊಳ್ಳುವುದು. ಆಮೇಲೆ ನಿಶ್ಚಿಂತನಾಗಿ ಹೊರಟು, ತಂಗುವ ಸ್ಥಳವನ್ನು ಸೇರಿ, ಅರಣಿಯನ್ನು ಮಥಿಸಿ ಅಗ್ನಿಯನ್ನು ಮತ್ತೆ ಕೆಳಗಿಳಿಸಿಕೊಳ್ಳುವುದು. ಈ ಇಳಿಸುವಿಕೆಗೆ ಉಪಾವರೋಹಣವೆಂದು ಹೆಸರು.

ಈ ವಿಧಿಯನ್ನು ಮೊದಲ ಸಲ ತಿಳಿದಾಗ ಅದೊಂದು ಸುಂದರವಾದ ಕಲ್ಪನೆಯೆಂದು ಮಾತ್ರ ನನಗೆ ತೋರಿದ್ದಿತು. ಈಗ ತೋರುವುದು ಬೇರೆ. ಅಗ್ನಿಯನ್ನು ಇಲ್ಲಿ ಯಾರೂ ಕೊಲ್ಲಲಿಲ್ಲ, ತೊರೆಯಲಿಲ್ಲ, ಅದಕ್ಕೆ ಹೆದರಲೂ ಇಲ್ಲ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿಕೊಂಡು ಪ್ರಯಾಣ ಮಾಡುವಂತೆ ಮಲಗಿಸಿಕೊಂಡು ಹೋದರು. ಚಲಿಸುವ ಮನೆಯಲ್ಲಿ ಬೆಂಕಿ ನಿದ್ರಿಸಬೇಕು, ನಿಂತ ನೆಲದಲ್ಲಿ ಎಚ್ಚರವಾಗಬೇಕು ಎಂಬುದನ್ನು ಆ ಋಷಿಗಳು ವಿಧಿಯಾಗಿ ಕಟ್ಟಿದರು. ನಮ್ಮ ಕಮಾನು ಗಾಡಿಯ ಅಜ್ಜಂದಿರು ಮಂತ್ರವಿಲ್ಲದೆಯೇ ಅದನ್ನು ಆಚರಿಸಿದರು. ಇಂದು ರೆಗ್ಯುಲೇಟರನ್ನು ಕಳಚಿ ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕುವವನು ಮಾಡುತ್ತಿರುವುದು ಸಮಾರೋಪಣವಲ್ಲದೆ ಮತ್ತೇನು? ದ್ರವರೂಪಿಯಾದ ಅಗ್ನಿ ಆ ಉಕ್ಕಿನ ಅರಣಿಯೊಳಗೆ ಮಲಗಿದ್ದಾನೆ. ಅವನನ್ನು ಮಲಗಿಸಿದುದರಲ್ಲಿ ಆದರವಿದೆ. ಭಯಕ್ಕೆ ಅಲ್ಲಿ ಎಡೆಯೇ ಇಲ್ಲ.

ಬೆಂಕಿಯೊಡನೆ ಆದರದಿಂದ ಬಾಳುವ ವಿದ್ಯೆಯನ್ನು ಅಕ್ಕ ಕಲಿತದ್ದು ಶಾಸ್ತ್ರದಿಂದಲ್ಲ, ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನಿನಿಂದ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ಹಳ್ಳಿಗಳಲ್ಲಿ ಹಾದುಹೋಗುವವರು ಹೊಲಗಳ ನಡುವೆ ಎತ್ತರವಾಗಿ, ಕಿಟಕಿಗಳಿಲ್ಲವೆಂಬಷ್ಟು ಕುರುಡಾಗಿ ನಿಂತ ಆ ಕಟ್ಟಡಗಳನ್ನು ನೋಡಿರುತ್ತಾರೆ. ಕಡ್ಡಿಗಳಿಗೆ ಪೋಣಿಸಿದ ಹಸಿ ಸೊಪ್ಪನ್ನು ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಐದಾರು ಹಗಲು, ಐದಾರು ಇರುಳು, ಮೊದಲು ಹಳದಿಗೆ ತಿರುಗಿಸುವ ಮಂದವಾದ ಕಾವು, ಆಮೇಲೆ ಬಣ್ಣ ನಿಲ್ಲಿಸುವ ಕಾವು, ಎಲೆ ಒಣಗಿಸುವ ಕಾವು, ಕೊನೆಯಲ್ಲಿ ನಡುವಿನ ದಂಟನ್ನು ಒಣಗಿಸುವ ಬಿರುಸಾದ ಕಾವು, ಹೀಗೆ ಹಂತಹಂತವಾಗಿ ಏರಿಸುತ್ತ ಹೋಗಬೇಕು. ಒಲೆಯ ಬಾಯಿ ಹೊರಗಡೆ. ಬೆಂಕಿ ಒಳಕ್ಕೆ ಕಾಲಿಡುವುದಿಲ್ಲ, ಕಬ್ಬಿಣದ ದಪ್ಪ ಕೊಳವೆಗಳ ಮೂಲಕ ಕಾವು ಮಾತ್ರ ಒಳಗೆಲ್ಲ ಸುತ್ತಿ ಬರುತ್ತದೆ. ಒಣಗಿದ ಎಲೆಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಕ್ಷಣಾರ್ಧದಲ್ಲಿ ವರ್ಷದ ದುಡಿಮೆಯೇ ಉರಿದುಹೋಗಬಹುದು. ಅದಕ್ಕೆಂದೇ ಕೆಳಗಿನ ಅಂತಸ್ತಿನ ಅಡಿಯಲ್ಲಿ ತಂತಿಯ ಬಲೆಯನ್ನು ಬಿಗಿಯುತ್ತಾರೆ. ಶ್ರಾವಣದ ಜಡಿಮಳೆಯಲ್ಲಿ, ಗೋಣಿಯ ಕೊಪ್ಪೆ ಹೊದ್ದು, ಒಲೆಬಾಯಿಯ ಮುಂದೆ ಇರುಳೆಲ್ಲ ಕುಳಿತು, ತಾಸಿಗೊಮ್ಮೆ ಎದ್ದು ಉಷ್ಣಮಾಪಕವನ್ನು ನೋಡಿ ಬರುವುದನ್ನು ಅಕ್ಕ ನಲವತ್ತು ವರ್ಷ ಮಾಡಿದ್ದಾಳೆ. ಆ ಬೆಳೆಯ ಗುಣದೋಷವಾಗಲಿ, ಆ ಒಲೆಗಳಿಗಾಗಿ ಕಡಿದ ಮರಗಳ ಲೆಕ್ಕವಾಗಲಿ ಬೇರೆ ವಿಚಾರ. ಅದು ನನ್ನನ್ನು ನೋಯಿಸದೆ ಇಲ್ಲ. ಆದರೆ ಆ ಇರುಳುಗಳ ಜಾಗರಣೆಯನ್ನು ನಾನು ಶಿವರಾತ್ರಿಯ ಜಾಗರಣೆಗಿಂತ ಕಡಿಮೆಯೆಂದು ಬಗೆಯಲಾರೆ.

ಹಾದಿಯ ಆ ಮರದಡಿಯಲ್ಲಿ ಅವಳು ಮಗನಿಗೆ ಹೇಳಿದುದು ಒಂದೇ ಮಾತು: "ಬೆಂಕಿ ಹೊರಗಿರ್ಬೇಕು ಕಣ್ ಮಗ, ಕಾವು ಒಳಗಿರ್ಬೇಕು. ಬ್ಯಾರನ್ ಕಟ್ಟಿದ್ದು ಮರ್ತ್ಯಾ?" ಕ್ಯಾರವಾನುಗಳನ್ನು ಕಟ್ಟುವ ಪರದೇಶದ ಶಿಲ್ಪಿಗಳು ಸಿಲಿಂಡರಿಗೆ ವಾಸದ ಭಾಗದಿಂದ ಬೇರ್ಪಟ್ಟು ಹೊರಗಡೆಯಿಂದ ಮಾತ್ರ ತೆರೆಯುವ ಗೂಡನ್ನು ಮಾಡಿ, ಅದರ ತಳದಲ್ಲಿ ಗಾಳಿಗಂಡಿಗಳನ್ನಿರಿಸಿ, ಒಳಗೆ ನೆಲದ ಮಟ್ಟದಲ್ಲಿ ಅನಿಲವನ್ನು ಪತ್ತೆಮಾಡುವ ಯಂತ್ರವನ್ನು ಕೂರಿಸುತ್ತಾರೆಂದು ನಾನು ಆಮೇಲೆ ಓದಿ ತಿಳಿದಾಗ, ಅವರ ಪುಸ್ತಕದ ಸಾರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದ್ದಿತೆಂದು ಕಂಡೆನು. ಟಿಬೆಟ್ಟಿನ ಮಠಗಳಲ್ಲಿಯೂ ಹೀಗೆಯೇ ಬೆಣ್ಣೆಯ ದೀಪಗಳಿಗೆ ಪ್ರಾರ್ಥನಾಮಂದಿರದಿಂದ ಪ್ರತ್ಯೇಕವಾಗಿ ಒಂದು ದೀಪಗೃಹವನ್ನು ಕಟ್ಟುವ ರೂಢಿಯಿದೆ. 1960ರ ಸುಮಾರಿನಲ್ಲಿ ನೆಲೆಯನ್ನು ಕಳೆದುಕೊಂಡು ನಮ್ಮ ಬೈಲಕುಪ್ಪೆಗೆ ಬಂದು ನೆಲಸಿದ ಆ ಜನರ ಗುರುವಾದ ಬುದ್ಧನು ಶಿಷ್ಯರಿಗೆ ಇತ್ತ ಕಡೆಯ ಉಪದೇಶ ಅಪ್ರಮಾದವನ್ನು ಕುರಿತದ್ದೆಂದು ಅವರ ಗ್ರಂಥಗಳು ಹೇಳುತ್ತವೆ.

ಆ ದಿನ ನಾವು ಕಪ್ಪಡಿಯನ್ನು ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಸಿಲಿಂಡರನ್ನು ನಾವು ಏರಿದ ವಾಹನದಲ್ಲಿ ಮತ್ತೆ ಇಡಗೊಡದೆ, ಹಿಂದೆ ಸಾಮಾನು ಹೊತ್ತು ಬರುತ್ತಿದ್ದ ಲಗೇಜ್ ಆಟೋದಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಸಿ ತರಿಸಿದ್ದಳು ಅಕ್ಕ. ಬಯಲಿನಲ್ಲಿ, ಗಾಳಿಗೆ ಮರೆಯಾಗಿ ಒಂದು ತಗಡನ್ನು ನಿಲ್ಲಿಸಿಕೊಂಡು, ವಾಹನಗಳಿಂದ ಇಪ್ಪತ್ತು ಮಾರು ದೂರದಲ್ಲಿ ಒಲೆ ಹಚ್ಚಿದರು. ಮುದ್ದೆಯೂ ಅವರೆಕಾಳಿನ ಸಾರೂ ಆದವು. ಸಂಜೆ ಹೊಳೆಯಲ್ಲಿ ಕೈಕಾಲು ತೊಳೆದು, ಗದ್ದುಗೆಗೆ ಕೈಮುಗಿದು ಬಂದು, ಹೊರಡುವ ಹೊತ್ತಾಯಿತು.

ನಮ್ಮ ಮನೆಗಳಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ; ದೊಡ್ಡದು ಮಾಡು ಎನ್ನುತ್ತೇವೆ. ಕಣ್ಣಿಗೆ ಕಾಣದಾದ ಬೆಳಕು ಇಲ್ಲವಾಗಲಿಲ್ಲ, ತನಗಿಂತ ದೊಡ್ಡದರಲ್ಲಿ ಸೇರಿತು ಎಂಬ ಭಾವವನ್ನು ಯಾವ ಅಜ್ಜಿ ಯಾವ ಕಾಲದಲ್ಲಿ ಆ ಮಾತಿಗೆ ತುಂಬಿದಳೋ ಬಲ್ಲವರಾರು! ಅಕ್ಕ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ, ತಲೆಯೆತ್ತದೆಯೇ, "ದೊಡ್ಡದು ಮಾಡಿದ್ಯೇನಪ್ಪ?" ಎಂದು ಕೇಳಿದಳು. ಮಗನು ಆಗಲೇ ರೆಗ್ಯುಲೇಟರನ್ನು ಕಳಚಿ ಮುಚ್ಚಳವನ್ನು ಒತ್ತಿದ್ದನು. ಆದರೂ ಮತ್ತೊಮ್ಮೆ ಬಗ್ಗಿ, ಅದರ ಮೇಲೆ ಅಂಗೈಯಿಟ್ಟು ನೋಡಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ಮಾಡ್ದೆ ಕಣವ್ವ" ಎಂದನು.